ಮಾಂಟ್ಗಮರಿಯ ಬಸ್ಸಿನಲ್ಲಿ ಕಾಲಯಾತ್ರಿಕರು

ಅಮೆರಿಕೆಯ ಅಲಬಾಮ ಸಂಸ್ಥಾನದ ರಾಜಧಾನಿಯಾದ ಮಾಂಟ್ಗಮರಿ ನಗರದಲ್ಲಿ ಐವತ್ತರ ದಶಕದಲ್ಲಿ ಓಡುತ್ತಿದ್ದ ಬಸ್ಸುಗಳಲ್ಲಿ 36 ಆಸನಗಳಿರುತ್ತಿದ್ದುವು. ಮುಂದಿನ 10 ಆಸನಗಳು ಬಿಳಿಯರಿಗೆ ಮೀಸಲು. ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇಲ್ಲದೆ ಅವೆಲ್ಲ ಬರಿದಾಗಿದ್ದರೂ ಕರಿಯರು ಅಲ್ಲಿ ಕೂರುವಂತಿರಲಿಲ್ಲ. ಹಿಂದಿನ 10 ಕರಿಯರ ಪಾಲು. ನಡುವಣ 16 ಆಸನಗಳ ವಿಷಯದಲ್ಲಿ ಚಾಲಕನ ಮಾತೇ ಶಾಸನ: ಒಬ್ಬ ಬಿಳಿಯ ಪ್ರಯಾಣಿಕನಿಗೆ ಸ್ಥಳ ಬೇಕಾಯಿತೆಂದರೆ, ಎರಡು ವರ್ಣದವರು ಒಂದೇ ಸಾಲಿನಲ್ಲಿ ಸರಿಸಮನಾಗಿ ಕೂರಬಾರದೆಂಬ ಕಾರಣಕ್ಕಾಗಿ, ಇಡೀ ಸಾಲೇ ತೆರವಾಗಬೇಕು. ಮುಂಬಾಗಿಲಲ್ಲಿ ಹತ್ತಿ ಹಣ ಕೊಟ್ಟ ಕರಿಯರು ಕೆಳಗಿಳಿದು ಹಿಂಬಾಗಿಲಿನಿಂದ ಮತ್ತೆ ಹತ್ತಬೇಕೆಂದು ಹಟ ಹಿಡಿಯುವ ಚಾಲಕರೂ ಇದ್ದರು. ಅವರು ಇಳಿದು ಹಿಂದಕ್ಕೆ ನಡೆದು ಬರುವಷ್ಟರಲ್ಲಿ ಬಸ್ಸು ಹೊರಟುಹೋಗುವುದೂ ಉಂಟು. ಆ ಊರಿನ ಬಸ್ಸುಗಳಿಗೆ ಕಾಸು ಕೊಡುವವರಲ್ಲಿ ಮುಕ್ಕಾಲು ಪಾಲು ಜನ ಕರಿಯರೇ ಆಗಿದ್ದರೆಂಬುದನ್ನು ಇದರೊಡನೆ ನೆನೆದರೆ ಈ ಏರ್ಪಾಡಿನ ಸೊಗಸು ಪೂರ್ಣವಾಗುವುದು.

1955ನೆಯ ಇಸವಿ ಡಿಸೆಂಬರ್ 1ನೆಯ ತಾರೀಖು ಗುರುವಾರ ಸಂಜೆ, ದೊಡ್ಡ ಅಂಗಡಿಯೊಂದರಲ್ಲಿ ಹೊಲಿಗೆಯ ಕೆಲಸ ಮುಗಿಸಿಕೊಂಡು ಬಂದ ರೋಸಾ ಪಾರ್ಕ್ಸ್ ಅವರು ಅಂಥದೊಂದು ಬಸ್ಸನ್ನು ಹತ್ತಿ, ನಡುವಣ ಭಾಗದ ಮೊದಲ ಸಾಲಿನಲ್ಲಿ ಕುಳಿತರು. ಕೆಲವು ನಿಲ್ದಾಣಗಳು ಕಳೆಯುವ ಹೊತ್ತಿಗೆ ಮುಂದಿನ ಆಸನಗಳೆಲ್ಲ ತುಂಬಿ, ಒಬ್ಬ ಬಿಳಿಯ ನಿಂತುಕೊಳ್ಳಬೇಕಾಯಿತು. ಜೇಮ್ಸ್ ಬ್ಲೇಕ್ ಎಂಬ ಚಾಲಕ ಆ ಸಾಲಿನ ನಾಲ್ವರನ್ನೂ ಏಳುವಂತೆ ಗದರಿಸಿದ, ಮೂವರು ಎದ್ದರು. ಕಿಟಕಿಯ ಬಳಿಯಿದ್ದಾತ ಹೊರಕ್ಕೆ ಹೋಗಲೆಂದು ದಾರಿ ಬಿಟ್ಟುಕೊಟ್ಟ ರೋಸಾ, ಆತ ಹೋದ ಮೇಲೆ ತಾವೇ ಕಿಟಕಿಯ ಪಕ್ಕಕ್ಕೆ ಸರಿದು ಕುಳಿತರೇ ಹೊರತು ಏಳಲಿಲ್ಲ. ಪೊಲೀಸರು ಬಂದು ಅವರನ್ನು ಕರೆದೊಯ್ದರು. ನ್ಯಾಯಾಲಯವು 10 ಡಾಲರ್ ದಂಡವನ್ನೂ 4 ಡಾಲರ್ ಖರ್ಚನ್ನೂ ವಿಧಿಸಿತು. ಡಿಸೆಂಬರ್ 5ರಂದು ಆರಂಭವಾದ ಬಸ್ಸು ಬಹಿಷ್ಕಾರ 381 ದಿನಗಳ ಕಾಲ ನಡೆದು, ಮಾರ್ಟಿನ್ ಲೂಥರ್ ಕಿಂಗ್ ಎಂಬ ಇಪ್ಪತ್ತಾರು ವರ್ಷದ ಪಾದ್ರಿಯನ್ನು ಒಂದು ಜನಾಂಗದ ನಾಯಕನನ್ನಾಗಿ ಮಾಡಿತು.

ಇಂತಹ ಸರ್ವವಿದಿತವಾದ ಪ್ರಸಂಗದೊಳಕ್ಕೆ, ನಕ್ಷತ್ರಲೋಕಗಳಲ್ಲಿ ಸಂಚರಿಸುವ ಕಾಲ್ಪನಿಕ ಪಾತ್ರಗಳನ್ನು ತಂದು ಇಳಿಸುವುದು ಸಾಹಸವೋ ಅವಿವೇಕವೋ ಎಂಬ ಸಂದೇಹ ಬರುವುದು ಸಹಜ. ಬ್ರಿಟಿಷ್ ಪ್ರಸಾರ ಸಂಸ್ಥೆಯಾದ ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ದೂರದರ್ಶನ ಧಾರಾವಾಹಿ 2018ನೆಯ ಇಸವಿ ಅಕ್ಟೋಬರ್ 21ರಂದು ಪ್ರಸಾರ ಮಾಡಿದ ‘ರೋಸಾ’ ಎಂಬ ಕಂತಿನಲ್ಲಿ ಮಾಡಿದ್ದು ಇದನ್ನೇ. ಮಕ್ಕಳ ಹಾಗೂ ತರುಣರ ಕಾದಂಬರಿಗಳಿಂದ ಹೆಸರಾದ ಮ್ಯಾಲೊರಿ ಬ್ಲ್ಯಾಕ್‌ಮನ್ ಅವರು, ಧಾರಾವಾಹಿಯ ಮುಖ್ಯಸ್ಥರಾಗಿದ್ದ ಕ್ರಿಸ್ ಚಿಬ್ನಲ್ ಅವರೊಡನೆ ಸೇರಿ ಇದನ್ನು ಬರೆದರು. ದೂರದರ್ಶನದ ‘ಡಾಕ್ಟರ್ ಹೂ’ವಿಗೆ ಕಥೆ ಬರೆದ ಮೊದಲ ಕಪ್ಪು ಲೇಖಕಿ ಅವರು. ಅಲಬಾಮದ ಬೀದಿಗಳೆಂದು ನಾವು ನೋಡುವುದರಲ್ಲಿ ಬಹುಭಾಗವನ್ನು ಚಿತ್ರಿಸಿದ್ದು ದಕ್ಷಿಣ ಆಫ್ರಿಕೆಯ ಕೇಪ್‌ಟೌನಿನಲ್ಲಿ. ವರ್ಣಭೇದವನ್ನು ರಾಜ್ಯಶಾಸನವನ್ನಾಗಿ ಮಾಡಿಕೊಂಡಿದ್ದ ಇನ್ನೊಂದು ದೇಶದ ಬೀದಿಗಳೇ ಈ ಕಥೆಗೆ ರಂಗಭೂಮಿಯಾಗಿ ಒದಗಿದುವು.

ಈ ಧಾರಾವಾಹಿಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ‘ಡಾಕ್ಟರ್’ ಎಂದಷ್ಟೇ ಕರೆಯಲ್ಪಡುವ ಅನ್ಯಲೋಕದ ಜೀವಿಯೊಂದು, ಹೊರಗಿನಿಂದ ನೋಡಿದರೆ ಹಳೆಯ ಲಂಡನ್ನಿನ ನೀಲಿ ಪೊಲೀಸ್ ಪೆಟ್ಟಿಗೆಯಂತಿದ್ದು ಒಳಗೆ ಅರಮನೆಯಷ್ಟು ವಿಶಾಲವಾದ ಯಂತ್ರದಲ್ಲಿ ಕುಳಿತು, ಕೆಲವರು ಮನುಷ್ಯರನ್ನು ಜೊತೆಗೆ ಕಟ್ಟಿಕೊಂಡು, ಭೂತಭವಿಷ್ಯತ್ತುಗಳಲ್ಲಿ ತಿರುಗುವುದೇ ಇದರ ವಸ್ತು. 1963ರಲ್ಲಿ ಆರಂಭವಾದಾಗ ಮಕ್ಕಳಿಗೆ ಇತಿಹಾಸವನ್ನೂ ವಿಜ್ಞಾನವನ್ನೂ ಕಲಿಸುವ ಉದ್ದೇಶವೂ ಇದ್ದಿತು. ಗತಕಾಲಕ್ಕೆ ಹೋದವರು ಗತಕಾಲವನ್ನು ತಿದ್ದಬಹುದೆ ಎಂಬ ಪ್ರಶ್ನೆ ಎರಡನೆಯ ವರ್ಷದಲ್ಲಿಯೇ ಎದ್ದಿತು. 1964ರ ‘ದಿ ಅಜ್ಟೆಕ್ಸ್’ ಕಥೆಯಲ್ಲಿ, ಪ್ರಾಚೀನ ಮೆಕ್ಸಿಕೋದವರು ದೇವಿಯೆಂದು ಭ್ರಮಿಸಿದ ಇತಿಹಾಸದ ಉಪಾಧ್ಯಾಯಿನಿಯೊಬ್ಬಳು, ಆ ಅಧಿಕಾರವನ್ನು ಬಳಸಿ ನರಬಲಿಯನ್ನು ನಿಲ್ಲಿಸಹೊರಟು, ಡಾಕ್ಟರನ ಎಚ್ಚರಿಕೆಯನ್ನೂ ಮೀರಿ ಹೆಣಗಿ, ಕಡೆಗೆ ಸೋಲುತ್ತಾಳೆ. ದೂರದ ಅಜ್ಟೆಕ್ ಪುರೋಹಿತರ ವಿಷಯದಲ್ಲಿ ಗತಕಾಲವನ್ನು ತಿದ್ದಬಾರದೆಂಬ ನಿಯಮವನ್ನು ಪಾಲಿಸುವುದು ಸುಲಭ. ಅವಮಾನಿತರ ಮಕ್ಕಳು ಮೊಮ್ಮಕ್ಕಳು ಇಂದೂ ಬದುಕಿರುವ ಇತಿಹಾಸದಲ್ಲಿ ಅದೇ ನಿಯಮವನ್ನು ಪಾಲಿಸೆಂದು ಹೇಳುವುದಕ್ಕೆ ಬೇರೆ ಎದೆಯೇ ಬೇಕು.

‘ರೋಸಾ’ ಕಂತಿನಲ್ಲಿ ಡಾಕ್ಟರ್ ಸ್ತ್ರೀರೂಪದಲ್ಲಿದ್ದಾಳೆ. ನಟಿ ಜೋಡಿ ವಿಟಕರ್. ಅವಳ ಜೊತೆಯವರು ಮೂವರು, ಮೂವರೂ ಇಂಗ್ಲೆಂಡಿನ ಶೆಫೀಲ್ಡ್ ಊರಿನವರು: ಕಪ್ಪು ತರುಣ ರಯನ್, ಪಾಕಿಸ್ತಾನಿ ಮೂಲದ ಪೊಲೀಸ್ ತರುಣಿ ಯಾಜ್, ರಯನ್‌ನ ಅಜ್ಜಿಯನ್ನು ಮದುವೆಯಾಗಿ ವಿಧುರನಾದ, ಬಿಳಿಯ ವೃದ್ಧ ಗ್ರಹಾಂ. ಈ ಗ್ರಹಾಂ ನಿವೃತ್ತ ಬಸ್ಸು ಚಾಲಕನೆಂಬುದನ್ನು ನೆನಪಿನಲ್ಲಿಡಬೇಕು. ಮಾಂಟ್ಗಮರಿಯಲ್ಲಿ ಇಳಿದ ಕೆಲವೇ ಕ್ಷಣಗಳಲ್ಲಿ, ಬಿಳಿಯ ಹೆಂಗಸೊಬ್ಬಳು ಬೀಳಿಸಿಕೊಂಡ ಕೈಗವಸನ್ನು ರಯನ್ ಎತ್ತಿಕೊಡಲು ಹೋಗುತ್ತಾನೆ. ಅವಳ ಗಂಡ ತಿರುಗಿ ಅವನ ಕೆನ್ನೆಗೆ ಬಾರಿಸುತ್ತಾನೆ. ಜಗಳ ಬೆಳೆಯದಂತೆ ನಡುವೆ ಬಂದು ತಡೆಯುವವರು ರೋಸಾ ಪಾರ್ಕ್ಸ್. ಅದೇ ವರ್ಷ ಆಗಸ್ಟಿನಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ ಹದಿನಾಲ್ಕು ವರ್ಷದ ಬಾಲಕ ಎಮೆಟ್ ಟಿಲ್‌ನ ಹೆಸರನ್ನು ಅವರು ಆ ಸಂದರ್ಭದಲ್ಲಿ ಉಚ್ಚರಿಸುತ್ತಾರೆ. ಮುಂದೆ ಉಪಾಹಾರಗೃಹವೊಂದರಲ್ಲಿ ಯಾಜ್‌ಳನ್ನು ಮೆಕ್ಸಿಕೋದವಳೆಂದು ಭಾವಿಸಲಾಗುತ್ತದೆ. ಬಿಳಿಯಳೂ ಅಲ್ಲದ, ಅವರ ಲೆಕ್ಕದ ಕರಿಯಳೂ ಅಲ್ಲದ ಈ ಹುಡುಗಿ ಬಸ್ಸಿನ ಯಾವ ಭಾಗದಲ್ಲಿ ಕೂರಬೇಕೆಂಬುದು ಅವಳಿಗೇ ತಿಳಿಯದು. ವರ್ಣಭೇದದ ಕ್ರೌರ್ಯದೊಡನೆ ಅದರ ಮೌಢ್ಯವನ್ನೂ ಇಷ್ಟು ಸರಳವಾಗಿ ತೋರಿಸಿಕೊಟ್ಟ ಲೇಖಕರನ್ನು ಮೆಚ್ಚಬೇಕು.

ಕಥೆಯ ಖಳ ಕ್ರಾಸ್ಕೋ ಎಂಬುವನು ರೋಸಾರ ಪ್ರತಿಭಟನೆ ನಡೆಯದಂತೆ ಮಾಡಲು ಬಹುದೂರದ ಭವಿಷ್ಯದಿಂದ ಬಂದ ಕೊಲೆಪಾತಕಿ. ಕೊಲ್ಲಲಾಗದಂತೆ ಅವನ ಮಿದುಳಿಗೆ ಕಟ್ಟು ಹಾಕಲಾಗಿದೆಯಾದ್ದರಿಂದ, ಅವನು ಕೈಗೊಳ್ಳುವ ವಿಧ್ವಂಸವೆಲ್ಲ ಸಣ್ಣ ಸಣ್ಣದು. ಬ್ಲೇಕ್‌ನ ಪಾಳಿ ತಪ್ಪಿಸಿ ಅವನನ್ನು ಮೀನು ಹಿಡಿಯಲು ಹೋಗುವಂತೆ ಮಾಡುವುದು, ಬಸ್ಸನ್ನು ಕೆಡಿಸುವುದು, ಹೀಗೆ. ಡಾಕ್ಟರಳ ಬಳಗ ಇದಕ್ಕೆ ಪ್ರತಿಯಾಗಿ ಚಾಲಕನನ್ನು ಬಸ್ಸಿಗೂ ಬಸ್ಸನ್ನು ದಾರಿಗೂ ತರಲು ಊರೆಲ್ಲ ಓಡಾಡುತ್ತದೆ. ಕೊನೆಗೆ ಎಲ್ಲ ಕೂಡಿಬಂದು, ಅವರೂ ಬಸ್ಸಿನಲ್ಲಿ ಕುಳಿತಿರುವಾಗ, ಕಥೆಯ ನಿಜವಾದ ಬಾಣ ಹೊರಬೀಳುವುದು: ಬಿಳಿಯರ ಆಸನಗಳು ತುಂಬಿದರಲ್ಲವೆ ಒಬ್ಬ ಬಿಳಿಯ ನಿಲ್ಲಬೇಕಾಗುವುದು, ಅವನು ನಿಂತರಲ್ಲವೆ ರೋಸಾರನ್ನು ಎಬ್ಬಿಸುವುದು! ಗ್ರಹಾಂ ಇಳಿದುಹೋದರೆ ಆಸನವೊಂದು ಖಾಲಿಯಾಗಿ ಘಟನೆಯೇ ನಡೆಯದೆ ಹೋಗಬಹುದು. ತನ್ನ ಮೃತಪತ್ನಿ ದೇವರಂತೆ ಗೌರವಿಸುತ್ತಿದ್ದ ಮಹಿಳೆಯ ಅವಮಾನದಲ್ಲಿ ತಾನು ಪಾಲುಗಾರನಾಗಲಾರೆನೆಂದು ಆತ ಹಿಂಜರಿಯುತ್ತಾನೆ, ಆದರೂ ಕೂತಿರಬೇಕು. ಆಯುಷ್ಯವೆಲ್ಲ ಬಸ್ಸು ನಡೆಸಿದವನು, ಬೇರೊಬ್ಬ ಚಾಲಕ ಮಾಡುವ ಅನ್ಯಾಯಕ್ಕೆ ತನ್ನ ದೇಹವನ್ನೇ ಕಾರಣವಾಗಿ ಒದಗಿಸಿ, ಬಾಯಿ ಮುಚ್ಚಿಕೊಂಡು ನೋಡಬೇಕು.

ಕಾಲಯಾತ್ರೆಯ ಕಥೆಗಳಲ್ಲಿ ನಾಯಕನೆಂಬುವನು ಏನನ್ನಾದರೂ ತಡೆಯುತ್ತಾನೆ, ಯಾರನ್ನಾದರೂ ಉಳಿಸುತ್ತಾನೆ. ಸಹಾಯ ಮಾಡದಿರುವುದೇ ಕರ್ತವ್ಯವಾಗುವ ಈ ಸನ್ನಿವೇಶವನ್ನು ಬೇರೆ ಯಾವ ಕಥಾಪ್ರಕಾರವೂ ಇಷ್ಟು ನಿರ್ದಾಕ್ಷಿಣ್ಯವಾಗಿ ಕಟ್ಟಲಾರದೆಂದು ನನಗೆ ತೋರುತ್ತದೆ. ಐತಿಹಾಸಿಕ ಚಲನಚಿತ್ರದಲ್ಲಿ ನಾವು ರೋಸಾರ ಪಕ್ಷದಲ್ಲಿ ನಿಶ್ಚಿಂತೆಯಾಗಿ ನಿಂತುಬಿಡುತ್ತೇವೆ. ಇಲ್ಲಿಯಾದರೋ, ಸದ್ಭಾವನೆಯುಳ್ಳ ಬಿಳಿಯನೊಬ್ಬನು ಬಿಳಿಯರ ಆಸನದಲ್ಲಿ ಕುಳಿತಿರುವಷ್ಟರಿಂದಲೇ ಆ ವ್ಯವಸ್ಥೆ ನಡೆದುಹೋಗುತ್ತಿತ್ತೆಂಬುದು ನಮ್ಮೆದುರಿಗೆ ಬಂದು ನಿಲ್ಲುತ್ತದೆ.

‘ರೋಸಾ’ಕ್ಕೆ ಸುಮಾರು ಮೂವತ್ತು ವರ್ಷ ಹಿಂದೆಯೇ ಅಮೆರಿಕೆಯ ಎನ್‌ಬಿಸಿ ವಾಹಿನಿಯ ‘ಕ್ವಾಂಟಮ್ ಲೀಪ್’ ಧಾರಾವಾಹಿ ಬೇರೊಂದು ಉಪಾಯ ಹೂಡಿತ್ತು. ಅದರ ನಾಯಕ ಸ್ಯಾಮ್ ಬೆಕೆಟ್ ಎಂಬ ಬಿಳಿಯ ವಿಜ್ಞಾನಿ ಕಾಲದಲ್ಲಿ ಹಾರಿ ಇನ್ನೊಬ್ಬರ ಸ್ಥಾನದಲ್ಲಿ ಹೋಗಿ ನಿಲ್ಲುತ್ತಾನೆ. ಜನರಿಗೆ ಕಾಣುವುದು ಆ ಇನ್ನೊಬ್ಬರ ರೂಪ. 1989ರ ‘ದಿ ಕಲರ್ ಆಫ್ ಟ್ರೂತ್’ ಕಂತಿನಲ್ಲಿ ಅವನು 1955ರ ಅಲಬಾಮದಲ್ಲಿ ಬಂದು ಬಿದ್ದು, ತನ್ನ ಬಣ್ಣ ಬದಲಾಗಿರುವುದು ತಿಳಿಯದೆ, ಸಣ್ಣ ಹೋಟೆಲೊಂದರ ಕಟ್ಟೆಯ ಮುಂದೆ ನಿಶ್ಚಿಂತೆಯಿಂದ ಕೂರುತ್ತಾನೆ. ಸುತ್ತಲಿನವರು ಬೆರಗಾಗಿ ನೋಡುವುದೇಕೆಂದು ಅರ್ಥವಾಗುವುದು ಕನ್ನಡಿಯಲ್ಲಿ ಜೆಸ್ಸಿ ಟೈಲರ್ ಎಂಬ ಕಪ್ಪು ವೃದ್ಧನ ಮುಖ ಕಂಡಾಗ. ಉಪಾಯ ಚತುರವಾದದ್ದೇ. ಆದರೆ ಕಪ್ಪು ಮನುಷ್ಯನ ನೋವನ್ನು ಪ್ರೇಕ್ಷಕರಿಗೆ ಮುಟ್ಟಿಸಲು ಅದನ್ನು ಬಿಳಿಯ ನಟನ ಮೂಲಕವೇ ಹಾಯಿಸಬೇಕಾಗಿ ಬಂದದ್ದು ಆ ಕಾಲದ ದೂರದರ್ಶನದ ಮಿತಿಯನ್ನು ಹೇಳುತ್ತದೆ. ಜೆಸ್ಸಿ ಟೈಲರನು ಏನು ಯೋಚಿಸುತ್ತಿದ್ದನೆಂಬುದು ನಮಗೆ ತಿಳಿಯುವುದೇ ಇಲ್ಲ.

ಕಪ್ಪು ಮನುಷ್ಯನೊಬ್ಬನ ಮನಸ್ಸನ್ನು ತಿಳಿಸಿದ್ದು ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ 1998ರ ‘ಫಾರ್ ಬಿಯಾಂಡ್ ದಿ ಸ್ಟಾರ್ಸ್’. ಕಪ್ಪು ನಾಯಕನಟ ಏವರಿ ಬ್ರೂಕ್ಸ್ ತಾನೇ ನಿರ್ದೇಶಿಸಿದ ಈ ಕಂತಿನಲ್ಲಿ ಕಾಲಯಂತ್ರವಿಲ್ಲ. ಇಪ್ಪತ್ತನಾಲ್ಕನೆಯ ಶತಮಾನದ ಅಂತರಿಕ್ಷ ನಿಲ್ದಾಣದ ಅಧಿಪತಿಯು, ದರ್ಶನವೊಂದರಲ್ಲಿ, 1953ರ ನ್ಯೂಯಾರ್ಕಿನ ಬೆನ್ನಿ ರಸೆಲ್ ಎಂಬ ಬಡ ಲೇಖಕನಾಗಿಬಿಡುತ್ತಾನೆ. ವಿಜ್ಞಾನ ಕಥೆಗಳ ಪತ್ರಿಕೆಯೊಂದರಲ್ಲಿ ಅವನ ಉದ್ಯೋಗ. ತಮ್ಮ ಮೆಚ್ಚಿನ ಲೇಖಕರ ಭಾವಚಿತ್ರ ಬೇಕೆಂದು ಓದುಗರು ಕೇಳಿದಾಗ, ಚಿತ್ರ ತೆಗೆಯುವ ದಿನ ಅವನೂ, ಹೆಣ್ಣೆಂದು ತಿಳಿಯದಂಥ ಹೆಸರಿನಲ್ಲಿ ಬರೆಯುತ್ತಿದ್ದ ಮಹಿಳೆಯೊಬ್ಬಳೂ ತಡವಾಗಿ ಬರಬೇಕೆಂದು ಸಂಪಾದಕ ಸೂಚಿಸುತ್ತಾನೆ. ಕಪ್ಪು ನಾಯಕನಿರುವ ಅಂತರಿಕ್ಷ ನಿಲ್ದಾಣದ ಕಥೆಯನ್ನು ಬೆನ್ನಿ ಬರೆದಾಗ, ಪತ್ರಿಕೆಯ ಒಡೆಯ ಆ ಸಂಚಿಕೆಯನ್ನೇ ನಾಶಮಾಡಿಸುತ್ತಾನೆ. ಭವಿಷ್ಯವನ್ನು ಕಲ್ಪಿಸುವುದೇ ಕಸುಬಾದ ಕಚೇರಿಯಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಭವಿಷ್ಯದಲ್ಲಿ ಸ್ಥಳ ದೊರೆಯಲಿಲ್ಲ. ಮೂರರಲ್ಲಿ ಇದೇ ಶ್ರೇಷ್ಠವೆಂದು ನನ್ನ ಮತ.

‘ರೋಸಾ’ದ ಬಗೆಗೆ ನನಗಿರುವ ಆಕ್ಷೇಪವನ್ನು ಇನ್ನು ಹೇಳಬಹುದು. ಒಂದು ಸಂಜೆಯ ಒಂದು ಬಸ್ಸನ್ನು ಕೆಡಿಸಿದರೆ ನಾಗರಿಕ ಹಕ್ಕುಗಳ ಚಳವಳಿಯೇ ಹುಟ್ಟದೆಂಬುದು ಕ್ರಾಸ್ಕೋವಿನ ನಂಬಿಕೆ. ಅವನನ್ನು ಎದುರಿಸಲು ಹೊರಟ ಡಾಕ್ಟರಳೂ ಅದನ್ನೇ ನಂಬಿ ಊರೆಲ್ಲ ಓಡಾಡುತ್ತಾಳೆ. ಇತಿಹಾಸದ ವಿಷಯದಲ್ಲಿ ಖಳನಿಗೂ ನಾಯಿಕೆಗೂ ಭಿನ್ನಾಭಿಪ್ರಾಯವಿಲ್ಲ! ನಿಜವಾದ ಮಾಂಟ್ಗಮರಿಯಾದರೋ ಬೇರೆ ಕಥೆ ಹೇಳುತ್ತದೆ. ಅಲಬಾಮ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜೋ ಆನ್ ರಾಬಿನ್‌ಸನ್ ಅವರು, ಬಸ್ಸಿನಲ್ಲಿ ನಡೆಯುವ ದುರ್ವ್ಯವಹಾರ ನಿಲ್ಲದಿದ್ದರೆ ಬಹಿಷ್ಕಾರ ನಡೆದೀತೆಂದು ನಗರಾಧ್ಯಕ್ಷರಿಗೆ ಪತ್ರ ಬರೆದದ್ದು 1954ರ ಮೇ ತಿಂಗಳಲ್ಲಿ. ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ವಿದ್ಯಾರ್ಥಿನಿ ಆಸನ ಬಿಟ್ಟುಕೊಡದೆ ಬಂಧಿತಳಾದದ್ದು 1955ರ ಮಾರ್ಚ್ 2ರಂದು. ಅಕ್ಟೋಬರಿನಲ್ಲಿ ಮೇರಿ ಲೂಯಿಸ್ ಸ್ಮಿತ್ ಎಂಬ ಇನ್ನೊಬ್ಬ ತರುಣಿಯ ಬಂಧನವಾಯಿತು. ರೋಸಾ ಪಾರ್ಕ್ಸ್ ಅವರೂ ದಣಿದು ಮನೆಗೆ ಹೊರಟ ಮುಗ್ಧ ಹೊಲಿಗೆಯಾಕೆಯಾಗಿರಲಿಲ್ಲ. ವರ್ಷಗಳಿಂದ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘವೊಂದರ ಸ್ಥಳೀಯ ಶಾಖೆಗೆ ಕಾರ್ಯದರ್ಶಿಯಾಗಿ ದುಡಿದು, ಅದೇ ಬೇಸಿಗೆಯಲ್ಲಿ ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಚಳವಳಿಗಾರರ ಶಿಬಿರಕ್ಕೂ ಹೋಗಿ ಬಂದಿದ್ದರು. ಅವರ ಬಂಧನದ ಸುದ್ದಿ ತಿಳಿದ ರಾತ್ರಿಯೇ ರಾಬಿನ್‌ಸನ್ ಅವರು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ, ಸಹೋದ್ಯೋಗಿಯೊಬ್ಬರನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಕೂಡಿಕೊಂಡು, ಬೆಳಗಾಗುವವರೆಗೆ ಸಾವಿರಾರು ಕರಪತ್ರ ತೆಗೆದರು. ಕಡೆಗೆ ಬಸ್ಸಿನ ವರ್ಣಭೇದವನ್ನು ಅಸಾಂವಿಧಾನಿಕವೆಂದು ಸಾರಿಸಿದ ದಾವೆಯಲ್ಲಿ ರೋಸಾ ವಾದಿಯೇ ಅಲ್ಲ. ಅದರಲ್ಲಿ ಆರೀಲಿಯಾ ಬ್ರೌಡರ್, ಸೂಸಿ ಮ್ಯಾಕ್‌ಡೊನಾಲ್ಡ್ ಅವರೊಡನೆ ಕಾಲ್ವಿನ್ ಮತ್ತು ಸ್ಮಿತ್ ಹೆಸರುಗಳಿದ್ದುವು. 1956ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು ಅವರ ಪರವಾದ ತೀರ್ಪನ್ನು.

ರೋಸಾರ ಮನೆಯಲ್ಲಿ ಕಿಂಗ್ ಮುಂತಾದವರು ಸೇರಿರುವ ಒಂದು ಚಿಕ್ಕ ದೃಶ್ಯದಲ್ಲಿ ಈ ಸಿದ್ಧತೆಯ ನೆರಳು ಹಾಯುವುದುಂಟು. ಐವತ್ತು ನಿಮಿಷದ ಕಂತು ಎಲ್ಲವನ್ನೂ ಹೊರಲಾರದೆಂಬುದೂ ನ್ಯಾಯವೇ. ಆದರೂ ಕ್ರಾಸ್ಕೋವನ್ನು ಅಂದು ತನ್ನ ಪಾಡಿಗೆ ಬಿಟ್ಟಿದ್ದರೆ, ಬಹುಶಃ ಇನ್ನೊಂದು ತಿಂಗಳಲ್ಲಿ ಇನ್ನೊಂದು ಬಸ್ಸಿನಲ್ಲಿ ಇನ್ನೊಬ್ಬಳು ಏಳದೆ ಕುಳಿತಿರುತ್ತಿದ್ದಳು, ರಾಬಿನ್‌ಸನ್ನರ ಯಂತ್ರ ಅಂದೂ ಓಡುತ್ತಿತ್ತು ಎಂದು ಯಾವ ಪಾತ್ರವಾದರೂ ಅವನ ಮುಖಕ್ಕೆ ಹೇಳಬೇಕಾಗಿತ್ತು.

ಬ್ರಿಟಿಷ್ ಧಾರಾವಾಹಿಯೊಂದು ಬಸ್ಸಿನ ವರ್ಣಭೇದವನ್ನು ಹುಡುಕಿಕೊಂಡು ಅಟ್ಲಾಂಟಿಕ್ ದಾಟಿದ್ದೂ ವಿಚಿತ್ರವೇ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಬಸ್ಸು ನೌಕರರ ಸಂಘದ ಸ್ಥಳೀಯ ಶಾಖೆ, ಬಣ್ಣದವರನ್ನು ಚಾಲಕರನ್ನಾಗಿಯೂ ಕಂಡಕ್ಟರರನ್ನಾಗಿಯೂ ಸೇರಿಸಿಕೊಳ್ಳಬಾರದೆಂದು ಗೊತ್ತುವಳಿ ಮಾಡಿದ್ದು ಅದೇ 1955ರಲ್ಲಿ. 1963ರ ಏಪ್ರಿಲ್‌ನಲ್ಲಿ ಪಾಲ್ ಸ್ಟೀಫನ್‌ಸನ್ ಮತ್ತಿತರರು ಮಾಂಟ್ಗಮರಿಯ ಮಾದರಿಯಲ್ಲೇ ಬಹಿಷ್ಕಾರ ಸಾರಿದರು. ಆಗಸ್ಟ್ 28ರಂದು ಬಸ್ಸು ಸಂಸ್ಥೆ ಮಣಿಯಿತು. ಸೆಪ್ಟೆಂಬರ್ 17ರಂದು ಆ ಊರಿನ ಮೊದಲ ಬಿಳಿಯೇತರ ಕಂಡಕ್ಟರ್ ಕೆಲಸಕ್ಕೆ ಹಾಜರಾದ. ಆತ ರಘುಬೀರ್ ಸಿಂಗ್ ಎಂಬ ಸಿಖ್. ಅದೇ ವರ್ಷ ನವೆಂಬರ್ 23ರಂದು ‘ಡಾಕ್ಟರ್ ಹೂ’ವಿನ ಮೊದಲ ಕಂತು ಪ್ರಸಾರವಾಯಿತು, ನಿರ್ದೇಶಿಸಿದವರು ಲಖನೌದಲ್ಲಿ ಜನಿಸಿದ ವಾರಿಸ್ ಹುಸೇನ್. ಆ ನೀಲಿ ಪೆಟ್ಟಿಗೆ 1955ರ ಬ್ರಿಸ್ಟಲಿನಲ್ಲಿ ಇಳಿದಿದ್ದರೆ, ಗ್ರಹಾಂನು ಬರಿಯ ಪ್ರಯಾಣಿಕನಾಗಿ ತಲೆ ತಗ್ಗಿಸಿ ಕೂತಿರುವುದು ಸಾಧ್ಯವಾಗುತ್ತಿರಲಿಲ್ಲ. ಬಸ್ಸು ಚಾಲಕನೆಂಬ ನೆಲೆಯಲ್ಲಿ ಸಂಘದ ಸಭೆಗೆ ಹೋಗಿ, ಗೊತ್ತುವಳಿಯನ್ನು ಮತಕ್ಕೆ ಹಾಕಿದಾಗ ಕೈಯೆತ್ತಬೇಕೆ ಬೇಡವೆ ಎಂದು ತೀರ್ಮಾನಿಸಬೇಕಾಗುತ್ತಿತ್ತು.