ಎಂಜಿನ್ನಿಗೆ ಬಲ ಬಂತು, ಹಿಂದಿನ ಆಕ್ಸಲಿಗೆ?

ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿಯನ್ನು ಮುಂಬಯಿಗರು ಕಾಲಿ-ಪೀಲಿ ಟ್ಯಾಕ್ಸಿಯಾಗಿಯೇ ಬಲ್ಲರು. ಅದೇ ಫಿಯೆಟ್ ಒಂದು ಕಾಲಕ್ಕೆ ಚೆನ್ನೈ ಬಳಿಯ ಶೋಲಾವರಂ ರೇಸಿನಲ್ಲೂ ಓಡಿತ್ತು. ಹಳೆಯ ಪದ್ಮಿನಿಗೆ ದೊಡ್ಡ ಎಂಜಿನ್ ಕೂರಿಸಿ ಸ್ಪೋರ್ಟ್ಸ್ ಕಾರು ಮಾಡುವ ಆಸೆ ಈಗಲೂ ಹಲವರಿಗಿದೆ. ಆದರೆ 1089 ಸಿಸಿ ಎಂಜಿನ್ನಿಗೆಂದು ಮಾಡಿದ ಹಿಂದಿನ ಡಿಫರೆನ್ಷಿಯಲ್ ಆ ಬಲವನ್ನು ತಾಳೀತೇ?

ಮೊದಲ ಗೇರಿನಲ್ಲಿ ಎಂಜಿನ್ನಿನ ಟಾರ್ಕ್ ಮೂರು-ನಾಲ್ಕು ಪಟ್ಟಾಗಿ ಪಿನಿಯನ್ ಮೇಲೆ ಬೀಳುತ್ತದೆ. ಕ್ಲಚ್ಚನ್ನು ತಟಕ್ಕನೆ ಬಿಟ್ಟರೆ ಹಲ್ಲು ಮುರಿಯುವುದು ಅಲ್ಲೇ. ಮುರಿದ ಚೂರು ಸಿಕ್ಕಿಕೊಂಡರೆ ಹಿಂದಿನ ಚಕ್ರಗಳು ಬಿಗಿದು ನಿಲ್ಲಬಹುದು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹಾಗಾದರೆ ಗತಿಯೇನು?

ಮಾಜ್ದಾ ಮಿಯಾಟಾ ಕಾರನ್ನೇ ನೋಡಿ. 1.6 ಲೀಟರ್ ಕಾರಿನ 6 ಇಂಚಿನ ಕ್ರೌನ್ ವೀಲ್, 1994ರ 1.8 ಲೀಟರ್ ಮಾದರಿಯಲ್ಲಿ 7 ಇಂಚಾಯಿತು. ಹಳೆಯ ಮಿಯಾಟಾದ ಬಲ ಹೆಚ್ಚಿಸುವವರು ಆ ದೊಡ್ಡ ಡಿಫರೆನ್ಷಿಯಲನ್ನೇ ಶಾಫ್ಟುಗಳ ಸಮೇತ ಕೂರಿಸಿಕೊಳ್ಳುತ್ತಾರೆ.

ಪದ್ಮಿನಿಗೂ ಇದೇ ದಾರಿ. ಮೊದಲು ಸವೆದ ಬೇರಿಂಗ್ ಬದಲಿಸಿ, ಶಿಮ್ ಹಾಕಿ ಕ್ರೌನ್-ಪಿನಿಯನ್ ಹಲ್ಲುಗಳ ಸಂದು ಸರಿಪಡಿಸಿ, ಸರಿಯಾದ ಗೇರ್ ಆಯಿಲ್ ತುಂಬಿಸಿ. ಬಲ ಅದಕ್ಕೂ ಮೀರಿದರೆ ಇಡೀ ಆಕ್ಸಲನ್ನೇ ಗಟ್ಟಿಯದಕ್ಕೆ ಬದಲಿಸಿ. ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆಯೂ ಬೇಕು. ಎಂಜಿನ್ನಿಗೆ ಮುಂಗಡ ಕೊಡುವ ಮುನ್ನ ಆಕ್ಸಲ್ಲಿನ ದುಡ್ಡು ತೆಗೆದಿಡಿ.