ಮೆದುಳಿನ ರಂಜಕ ಮತ್ತು ಮಗುವಿನ ಮೊದಲ ಉಸಿರು



ರಸಗೊಬ್ಬರದ ಚೀಲದ ಮೇಲಿರುವ ಮೂರು ಅಂಕಿಗಳಲ್ಲಿ ನಡುವಿನದು ರಂಜಕದ ಪಾಲನ್ನು ಸೂಚಿಸುತ್ತದೆಂದು ನಮ್ಮ ಕೃಷಿಕರಿಗೆ ಗೊತ್ತು. ಅಡಿಕೆ ಮರದ ಬುಡಕ್ಕೆ ಹಾಕುವ ಈ ರಂಜಕವೇ ನಮ್ಮ ಮೆದುಳಿನಲ್ಲೂ ದುಡಿಯುತ್ತದೆ. ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇಕಡಾ 2 ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿದ್ದರೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಈ ಆಮ್ಲಜನಕದ ನೆರವಿನಿಂದ ಆಹಾರದ ಶಕ್ತಿಯು ಎ.ಟಿ.ಪಿ. ಎಂಬ ರಂಜಕಯುಕ್ತ ಅಣುವಿನಲ್ಲಿ ಸೇರುತ್ತದೆ.

ಎ.ಟಿ.ಪಿ. ಎಂದರೆ ಕಿಸೆಯ ದುಡ್ಡು ಎನ್ನೋಣ. ಫಾಸ್ಫೋಕ್ರಿಯೇಟಿನ್ ಎಂಬ ಇನ್ನೊಂದು ರಂಜಕ ಸಂಯುಕ್ತವು ಪೆಟ್ಟಿಗೆಯ ದುಡ್ಡು. ಕಿಸೆ ಬರಿದಾಗತೊಡಗಿದರೆ ಪೆಟ್ಟಿಗೆಯಿಂದ ತುಂಬಿಸುತ್ತೇವೆ. ಆದುದರಿಂದ ಕಷ್ಟಕಾಲದಲ್ಲಿ ಮೊದಲು ಇಳಿಯುವುದು ಪೆಟ್ಟಿಗೆ. ಖರ್ಚಿನ ಗುರುತಾಗಿ ಬಿಡಿ ಫಾಸ್ಫೇಟ್ ಏರುತ್ತದೆ. ಇವೆರಡನ್ನು ಹೋಲಿಸಿದರೆ ಮೆದುಳಿನ ಶಕ್ತಿಯ ಸ್ಥಿತಿ ತಿಳಿಯುತ್ತದೆ.

ತಲೆಬುರುಡೆ ತೆರೆಯದೆ ಇದನ್ನು ಅಳೆಯುವ ವಿಧಾನವೇ ಫಾಸ್ಫರಸ್ ಎಂ.ಆರ್. ಸ್ಪೆಕ್ಟ್ರೋಸ್ಕೊಪಿ. ಎಂ.ಆರ್.ಐ. ಯಂತ್ರದಲ್ಲಿರುವಂತಹ ಪ್ರಬಲ ಅಯಸ್ಕಾಂತವೇ ಇಲ್ಲಿಯೂ ಬೇಕು. ಚಿತ್ರ ತೆಗೆಯುವಾಗ ಯಂತ್ರವು ಮುಖ್ಯವಾಗಿ ನೀರಿನ ಜಲಜನಕಕ್ಕೆ ಕಿವಿಗೊಡುತ್ತದೆ; ಇಲ್ಲಿ ರಂಜಕಕ್ಕೆ. ರೇಡಿಯೋ ತರಂಗ ತಾಗಿದಾಗ ಒಂದೊಂದು ಸಂಯುಕ್ತದ ರಂಜಕವೂ ತುಸು ಬೇರೆ ಕಂಪನಾಂಕದಲ್ಲಿ ಉತ್ತರಿಸುತ್ತದೆ. ರೇಡಿಯೋದ ಮುಳ್ಳು ತಿರುಗಿಸಿದಾಗ ಒಂದೆಡೆ ಮಂಗಳೂರು, ಇನ್ನೊಂದೆಡೆ ಕಣ್ಣೂರು ಆಕಾಶವಾಣಿ ಸಿಗುವಂತೆ ಇದು. ಸದ್ದು ದೊಡ್ಡದಾದಷ್ಟೂ ಆ ವಸ್ತು ಹೆಚ್ಚಿದೆ ಎಂದು ಅರ್ಥ. ಸೂಜಿಯಿಲ್ಲ, ಎಕ್ಸ್-ರೇ ಇಲ್ಲ. ಆದರೆ ರಂಜಕದ ದನಿ ಬಹಳ ಕ್ಷೀಣ, ವಿಶೇಷ ಉಪಕರಣವೂ ಬೇಕು. ಹೀಗಾಗಿ ಇದು ಹೆಚ್ಚಾಗಿ ಸಂಶೋಧನೆಗೆ ಸೀಮಿತವಾಗಿದೆ.

ಆದರೂ ಇದರಿಂದ ತಿಳಿದುಬಂದ ಒಂದು ಸಂಗತಿ ಪ್ರತಿ ಮನೆಗೂ ಮುಖ್ಯ. 1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವೈದ್ಯರು, ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳ ಮೆದುಳನ್ನು ಹೀಗೆ ಪರೀಕ್ಷಿಸಿದರು. ಉಸಿರಾಟ ಸರಿಪಡಿಸಿದ ಬಳಿಕ ಮೊದಲ ದಿನ ಅನೇಕ ಶಿಶುಗಳಲ್ಲಿ ಲೆಕ್ಕ ಸರಿಯಾಗಿಯೇ ಕಂಡಿತು. ಮುಂದಿನ ಒಂದೆರಡು ದಿನಗಳಲ್ಲಿ, ಆಮ್ಲಜನಕ ಸಾಕಷ್ಟಿದ್ದರೂ, ಫಾಸ್ಫೋಕ್ರಿಯೇಟಿನ್ ಕುಸಿಯಿತು. ಕುಸಿತ ಹೆಚ್ಚಾದಷ್ಟೂ ಸಾವು ಅಥವಾ ಅಂಗವೈಕಲ್ಯದ ಅಪಾಯ ಹೆಚ್ಚು.

ಪೆಟ್ಟು ಎರಡು ಹಂತಗಳಲ್ಲಿ ಬೀಳುತ್ತದೆ, ನಡುವೆ ಕೆಲವು ಗಂಟೆಗಳ ಅವಕಾಶವಿದೆ ಎಂದಾಯಿತು. ಹುಟ್ಟಿದ 6 ಗಂಟೆಯೊಳಗೆ ಆರಂಭಿಸಿ, 72 ಗಂಟೆ ಶಿಶುವಿನ ದೇಹವನ್ನು 33-34 ಡಿಗ್ರಿ ಸೆಲ್ಸಿಯಸ್‌ನಲ್ಲಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿತು. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ತಂಪು ಮಾಡಿದ ಶಿಶುಗಳಲ್ಲೇ ಸಾವು ಹೆಚ್ಚಿತ್ತು. ಆದುದರಿಂದ ಉಸಿರುಗಟ್ಟದಂತೆ ನೋಡಿಕೊಳ್ಳುವುದೇ ನಮಗೆ ದೊಡ್ಡ ಮದ್ದು.

ಗಮನಿಸಬೇಕಾದ ಅಂಶಗಳು:

1. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಅಳದ ಶಿಶುವಿಗೆ ಮೊದಲ ನಿಮಿಷದೊಳಗೆ ಉಸಿರು ಕೊಡಬಲ್ಲ ತರಬೇತಾದವರು ಅಲ್ಲಿರಬೇಕು.

2. ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾದರೆ, ಒಡೆದ ನೀರು ಹಸಿರಾಗಿದ್ದರೆ, ಬೆಳಗಾಗಲೆಂದು ಕಾಯದೆ ಹೊರಡಿರಿ.

3. ಶಿಶುವನ್ನು ತಲೆಕೆಳಗಾಗಿ ಹಿಡಿದು ಬಡಿಯುವುದು, ತಣ್ಣೀರು ಎರಚುವುದು ಬೇಡ. ಒರೆಸಿ ಬೆಚ್ಚಗಿಡಿರಿ.

4. ರಂಜಕದ ಟಾನಿಕ್ ಇದಕ್ಕೆ ಪರಿಹಾರವಲ್ಲ. ಇಲ್ಲಿ ಕೊರತೆ ರಂಜಕದ್ದಲ್ಲ, ಆಮ್ಲಜನಕದ್ದು.

ಗರ್ಭಿಣಿಯರಿರುವ ಮನೆಯವರು ಮಳೆಗಾಲದ ರಾತ್ರಿಗೂ ಸಿಗುವಂತೆ ವಾಹನವನ್ನು ಈಗಲೇ ಗೊತ್ತು ಮಾಡಿಕೊಳ್ಳಿರಿ. ಅನುಕೂಲವಿಲ್ಲದವರು ಸಂಕೋಚಪಡದೆ ತಮ್ಮ ವಾಳೆಯ ಗುರಿಕಾರರಿಗೆ ತಿಳಿಸಿರಿ. ನೆರೆಮನೆಯ ತಾಯಿಯನ್ನು ಸಕಾಲದಲ್ಲಿ ಆಸ್ಪತ್ರೆಗೆ ಮುಟ್ಟಿಸುವುದೂ ದೇವರಿಗೆ ಮೆಚ್ಚಿಗೆಯಾದ ಸೇವೆಯೇ.