ಬೇಚಿರಾಕ್: ದೀಪ ಆರಿದ ಊರು

ಯಡಿಯೂರಿನಲ್ಲಿ ಒಂದು ಸಂಜೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಜಮೀನಿನ ಕಾಗದ ಹಿಡಿದು ಮನೆಗೆ ಬಂದರು. ತಂದೆಯ ಆಸ್ತಿಯಲ್ಲಿ ಅವರ ಪಾಲಿಗೆ ಬಂದ ಹೊಲ ಇರುವ ಗ್ರಾಮದ ಹೆಸರಿನ ಮುಂದೆ ‘ಬೇಚಿರಾಕ್’ ಎಂದಿತ್ತು.

“ಮೇಷ್ಟ್ರೇ, ಅದು ಹಾಳುಬಿದ್ದ ಊರಂತೆ. ಅಲ್ಲಿಯ ಜಮೀನಿಗೆ ಬೆಲೆಯಿಲ್ಲ, ಮನೆಗೂ ಒಳ್ಳೆಯದಲ್ಲ ಅಂತಾರೆ. ಪಾಲು ಬಿಟ್ಟುಕೊಟ್ಟು ಸಹಿ ಹಾಕಿಬಿಡಲಾ?” ಎಂದರು.

“ಮೊದಲು ಪದದ ಅರ್ಥ ತಿಳಿಯೋಣಮ್ಮಾ, ಸಹಿ ಆಮೇಲೆ” ಎಂದೆ.

ಇದು ಪಾರಸಿ ಪದ. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಬೇಕಾರ್, ಬೇಇಮಾನ್ ಎಂದು ನಾವು ದಿನವೂ ಆಡುವ ಮಾತುಗಳಲ್ಲಿರುವುದೂ ಇದೇ ‘ಬೇ’. ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಕನ್ನಡದ ಬಾಯಲ್ಲಿ ಅದು ಬೇಚಿರಾಕ್, ಬೇಚರಾಕ್ ಆಯಿತು. ತಾಲ್ಲೂಕು, ಜಮಾಬಂದಿ, ಅಮಲ್ದಾರ ಮುಂತಾದ ಪದಗಳಂತೆ ಇದೂ ಪಾರಸಿಯ ಮೂಲಕ ನಮ್ಮ ಕಂದಾಯ ದಫ್ತರ ಸೇರಿತು. ಜನವಸತಿ ಇಲ್ಲದ ಗ್ರಾಮಕ್ಕೆ ಇಂದಿಗೂ ಇದೇ ಹೆಸರು.

ಒಂದು ಊರು ನಾಶವಾಯಿತೆಂದು ಹೇಳಲು ಬಿದ್ದ ಗೋಡೆಗಳನ್ನು ಎಣಿಸಬೇಕಿಲ್ಲ. ಮುಸ್ಸಂಜೆ ದೀಪ ಹಚ್ಚುವ ಕೈ ಇಲ್ಲವೆಂದರೆ ಸಾಕು. ಕನ್ನಡದಲ್ಲಿಯೂ ಮನೆತನ ಅಳಿದರೆ ‘ದೀಪ ಹಚ್ಚುವವರಿಲ್ಲ’ ಎಂದೇ ಮರುಗುತ್ತೇವೆ.

ಆ ದೀಪಗಳು ಆರಿದ್ದಾದರೂ ಹೇಗೆ? ಯುದ್ಧ, ರೋಗ, ನೀರಿನ ಅಭಾವ ಊರುಗಳನ್ನು ಬರಿದು ಮಾಡುತ್ತಿದ್ದವು. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವಂತೂ ಮೈಸೂರು ಸಂಸ್ಥಾನವನ್ನೇ ಹಿಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಮತ್ತೆ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆ ಮಾರಿಗೆ ಹೆದರಿದ ಜನ ಊರು ತೊರೆದು ಬಯಲಲ್ಲಿ ಗುಡಿಸಲು ಹಾಕಿಕೊಂಡರು.

ಇಷ್ಟು ಹೇಳಿ ಆ ತಾಯಿಗೆ ಇನ್ನೊಂದು ಪದ ನೆನಪಿಸಿದೆ: ಬೇವಾರಸು. ಅದೂ ‘ಬೇ’ಯಿಂದಲೇ ಹುಟ್ಟಿದ್ದು. ವಾರಸುದಾರರಿಲ್ಲದ್ದು ಎಂದರ್ಥ. “ನೋಡಿ, ಬೇಚಿರಾಕ್ ಬೇರೆ, ಬೇವಾರಸು ಬೇರೆ. ಊರಲ್ಲಿ ಮನೆಗಳಿಲ್ಲದಿದ್ದರೂ ಅದರ ಗಡಿ, ಸರ್ವೆ ನಂಬರು ದಾಖಲೆಯಲ್ಲಿ ಉಳಿದಿವೆ. ಹೊಲಕ್ಕೆ ವಾರಸುದಾರರಾಗಿ ನೀವಿದ್ದೀರಿ. ಹೆಣ್ಣುಮಕ್ಕಳ ಪಾಲನ್ನು ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿಪಡಿಸಿದ್ದಾನೆ. ಅಪಶಕುನದ ಮಾತಿಗೆ ಹೆದರಿ ಅದನ್ನು ಬಿಡುವುದೇ?”

ಅವರು ಕಾಗದವನ್ನು ಮಡಚಿ ಸೆರಗಿನಡಿ ಇಟ್ಟುಕೊಂಡರು. ಸಹಿ ಹಾಕಲಿಲ್ಲ. ಆ ಮಳೆಗಾಲ ಹೊಲದಲ್ಲಿ ರಾಗಿ ಬಿತ್ತಿಸಿದರು.

ಸಹೋದರಿಯರೇ, ನಿಮ್ಮ ಆಸುಪಾಸಿನಲ್ಲೂ ಒಂದು ಬೇಚಿರಾಕ್ ಗ್ರಾಮವಿರಬಹುದು. ಅಲ್ಲಿದ್ದವರು ಯಾರು, ಎಲ್ಲಿಗೆ ಹೋದರು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಮತ್ತೊಂದು ಮಾತು: ಅರ್ಥ ತಿಳಿಯದ ಪದವಿರುವ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ.